ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಕಚೇರಿಯ ಎಕ್ಸ್‌ಚೇಂಜ್ ಮೇಲ್, ಕ್ಯಾಲೆಂಡರ್: ಯಾವ ದಾರಿ ಯಾರಿಗೆ?

ಎಕ್ಸ್‌ಚೇಂಜ್ ಎಂದರೆ ಕಚೇರಿಗಳ ಮೇಲ್, ಕ್ಯಾಲೆಂಡರ್ ನಡೆಸುವ ಮೈಕ್ರೋಸಾಫ್ಟಿನ ಸರ್ವರ್ ತಂತ್ರಾಂಶ. ಲಿನಕ್ಸಿನಲ್ಲಿ ಅದರ ಮೇಲ್ ಓದುವುದು ದೊಡ್ಡ ಕಷ್ಟವಲ್ಲ, ಏನಾದರೊಂದು ಮಾಡಿದರೆ ಬರುತ್ತದೆ. ತೊಡಕು ಇರುವುದು ಕ್ಯಾಲೆಂಡರಿನಲ್ಲಿ. ಮೀಟಿಂಗಿಗೆ ಬಂದ ಕರೆಯನ್ನು ಒಪ್ಪಿಕೊಂಡರೆ ಕರೆದವರಿಗೆ ಅದು ಗೊತ್ತಾಗಬೇಕು. ಸಮಯ ಬದಲಾದರೆ ನಿಮ್ಮಲ್ಲೂ ಬದಲಾಗಬೇಕು. ಇನ್ನೊಬ್ಬರು ಯಾವಾಗ ಬಿಡುವಾಗಿದ್ದಾರೆ ಎಂದು ಕಾಣಬೇಕು. ಇವು ಮೂರೂ ನಡೆಯುತ್ತವೆಯೇ ಎಂಬುದನ್ನು ನೋಡಿ ತಂತ್ರಾಂಶ ಆರಿಸಿ. ಇನ್‌ಬಾಕ್ಸ್ ಚಂದ ಕಾಣುತ್ತದೆ ಎಂದು ಆರಿಸಿದವರು ಸಾಮಾನ್ಯವಾಗಿ ಎರಡನೇ ವಾರಕ್ಕೇ ಮೀಟಿಂಗ್ ತಪ್ಪಿಸಿಕೊಳ್ಳುತ್ತಾರೆ.

ಕಾರವಾರದ ಕಚೇರಿಯಲ್ಲಿ ಕೂತು ಕೆಲಸ ಮಾಡುವವರಿಗೂ, ಶಿರಸಿ–ಸಿದ್ದಾಪುರದ ಮನೆಯಿಂದ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರಿಗೂ ಒಂದೇ ಉತ್ತರ ಹೊಂದುವುದಿಲ್ಲ. ಮೊದಲನೆಯವರಿಗೆ ನೆಟ್ ಗಟ್ಟಿ, ನೀತಿ ಬಿಗಿ. ಎರಡನೆಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟೂ ನೆಟ್ಟೂ ನಂಬಿಕೆಗೆ ಅರ್ಹವಲ್ಲ.

ಮೊದಲು ಸರ್ವರ್ ಎಲ್ಲಿದೆ ನೋಡಿ

ಬ್ರೌಸರಿನಲ್ಲಿ ಕಚೇರಿಯ ಮೇಲ್ ತೆರೆದು ಮೇಲಿನ ವಿಳಾಸ ಓದಿ. ಔಟ್‌ಲುಕ್ ಡಾಟ್ ಆಫೀಸ್ ಡಾಟ್ ಕಾಮ್ ಎಂಬಂತೆ ಮೈಕ್ರೋಸಾಫ್ಟಿನದೇ ವಿಳಾಸ ಇದ್ದರೆ ನಿಮ್ಮದು ಮೈಕ್ರೋಸಾಫ್ಟ್ 365, ಅಂದರೆ ಕ್ಲೌಡ್. ಕಂಪನಿಯ ಹೆಸರು ಇದ್ದು ಕೊನೆಯಲ್ಲಿ ‘ಸ್ಲ್ಯಾಷ್ ಓಡಬ್ಲ್ಯೂಎ’ ಎಂದಿದ್ದರೆ ಅದು ಸಂಸ್ಥೆ ತಾನೇ ಇಟ್ಟುಕೊಂಡ ಎಕ್ಸ್‌ಚೇಂಜ್ ಸರ್ವರ್.

ಈ ವ್ಯತ್ಯಾಸ ಈಗ ಹಿಂದೆಂದಿಗಿಂತ ಮುಖ್ಯ. ಲಿನಕ್ಸಿನ ಹೆಚ್ಚಿನ ತಂತ್ರಾಂಶಗಳು ಎಕ್ಸ್‌ಚೇಂಜ್ ಜೊತೆ ಮಾತಾಡುವುದು ಎಕ್ಸ್‌ಚೇಂಜ್ ವೆಬ್ ಸರ್ವಿಸಸ್, ಚಿಕ್ಕದಾಗಿ ಇಡಬ್ಲ್ಯೂಎಸ್, ಎಂಬ ದಾರಿಯಲ್ಲಿ. ಅದು ಎಕ್ಸ್‌ಚೇಂಜ್ 2007ರ ಜೊತೆ ಬಂದದ್ದು. ಕ್ಲೌಡಿನಲ್ಲಿ 2026ರ ಅಕ್ಟೋಬರ್ 1ರಿಂದ ಇದನ್ನು ಮುಚ್ಚಲು ಶುರುಮಾಡುವುದಾಗಿ ಮೈಕ್ರೋಸಾಫ್ಟ್ 2023ರಲ್ಲೇ ಸಾರಿದೆ. ಅದರ ಬದಲು ಬಳಸಬೇಕಾದದ್ದು ಗ್ರಾಫ್ ಎಂಬ ಹೊಸ ದಾರಿ. ಸಂಸ್ಥೆಯ ಸ್ವಂತ ಸರ್ವರಿಗೆ ಈ ಗಡುವು ಇಲ್ಲ. ಅಲ್ಲಿರುವ ಚಿಂತೆ ಬೇರೆ: ಎಕ್ಸ್‌ಚೇಂಜ್ 2016 ಮತ್ತು 2019ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ನಿಮ್ಮ ಐಟಿ ವಿಭಾಗ ಕ್ಲೌಡಿಗೆ ಹೋಗುವ ಯೋಚನೆಯಲ್ಲಿದೆಯೇ ಎಂದು ಒಂದು ಮಾತು ಕೇಳಿಟ್ಟುಕೊಳ್ಳಿ.

ಸ್ವಂತ ಸರ್ವರ್ ಆದರೆ ಇನ್ನೊಂದು ಚಿಕ್ಕ ಪರೀಕ್ಷೆ ಮಾಡಿ. ಸರ್ವರಿನ ಹೆಸರಿನ ಕೊನೆಗೆ ‘ಸ್ಲ್ಯಾಷ್ ಇಡಬ್ಲ್ಯೂಎಸ್ ಸ್ಲ್ಯಾಷ್ ಎಕ್ಸ್‌ಚೇಂಜ್ ಡಾಟ್ ಎಎಸ್‌ಎಂಎಕ್ಸ್’ ಸೇರಿಸಿ ಬ್ರೌಸರಿನಲ್ಲಿ ತೆರೆಯಿರಿ. ಹೆಸರು, ಪಾಸ್‌ವರ್ಡ್ ಕೇಳಿದರೆ ದಾರಿ ತೆರೆದಿದೆ. ಕಚೇರಿಯ ಒಳಗೆ ಕೇಳಿ ಮನೆಯಲ್ಲಿ ಸುಮ್ಮನೆ ತಿರುಗುತ್ತಾ ಕೂತರೆ ಹೊರಗಿನವರಿಗೆ ಮುಚ್ಚಿದ್ದಾರೆ, ವಿಪಿಎನ್ (ಹೊರಗಿನಿಂದ ಕಚೇರಿಯ ಜಾಲದೊಳಗೆ ಸೇರುವ ಸುರಕ್ಷಿತ ದಾರಿ) ಬೇಕು ಎಂದರ್ಥ. ಇದನ್ನು ನೋಡದೆ ಒಂದೊಂದೇ ತಂತ್ರಾಂಶ ಹಾಕಿ ತೆಗೆಯುತ್ತಾ ದಿನ ಕಳೆಯುವುದು ವ್ಯರ್ಥ.

ಬ್ರೌಸರ್: ಬೇಸರ ತರುವ, ಆದರೆ ಕೈಕೊಡದ ದಾರಿ

ಫೈರ್‌ಫಾಕ್ಸ್ ಅಥವಾ ಕ್ರೋಮಿಯಮ್‌ನಲ್ಲಿ ವೆಬ್ ಔಟ್‌ಲುಕ್, ಅಂದರೆ ಕಚೇರಿಯ ಮೇಲ್ ಪುಟ, ತೆರೆದರೆ ಕ್ಯಾಲೆಂಡರಿನ ಎಲ್ಲವೂ ಸಿಗುತ್ತದೆ: ಬಿಡುವಿನ ಸಮಯ, ಮೀಟಿಂಗ್ ಕೋಣೆ, ಹಂಚಿಕೊಂಡ ಮೇಲ್‌ಬಾಕ್ಸ್, ರಜೆಯ ಸ್ವಯಂ ಉತ್ತರ, ಸರ್ವರಿನಲ್ಲೇ ನಡೆಯುವ ರೂಲ್‌ಗಳು. ಓದುವ ಹಕ್ಕಿಗೆ ಮಿತಿ ಹಾಕಿ ಕಳಿಸಿದ ಸಂರಕ್ಷಿತ ಮೇಲ್‌ಗಳನ್ನು ತೆರೆಯುವುದಕ್ಕೂ ಲಿನಕ್ಸಿನಲ್ಲಿ ಇದೇ ಗತಿ, ಮುಂದೆ ಹೇಳುವ ಮೇಲ್ ತಂತ್ರಾಂಶಗಳಾದ ಎವಲ್ಯೂಷನ್ ಆಗಲಿ ಥಂಡರ್‌ಬರ್ಡ್ ಆಗಲಿ ಅವನ್ನು ಬಿಚ್ಚುವುದಿಲ್ಲ. ಕ್ರೋಮ್ ಅಥವಾ ಎಡ್ಜ್‌ನಲ್ಲಿ ಆ ಪುಟವನ್ನು ಆಪ್ ಆಗಿ ಇನ್‌ಸ್ಟಾಲ್ ಮಾಡಿಕೊಂಡರೆ ಪ್ರತ್ಯೇಕ ಕಿಟಕಿಯೂ ಸೂಚನೆಗಳೂ ಬರುತ್ತವೆ. ಕಿಟಕಿ ಮುಚ್ಚಿದರೆ ಮೀಟಿಂಗಿನ ನೆನಪೋಲೆ ಬರುವುದಿಲ್ಲ, ಅದೊಂದು ಕೊರತೆ. ಡಿಜಿಟಲ್ ಸಹಿಯ ಎಸ್‌ಮೈಮ್ ಬೇಕಾದವರಿಗೂ ಇದು ಆಗದು, ಅದರ ವಿಸ್ತರಣೆ ಲಿನಕ್ಸಿಗೆ ಇಲ್ಲ.

ಬೇರೆ ಏನೇ ಆರಿಸಿದರೂ ವೆಬ್ ಔಟ್‌ಲುಕ್ ಅನ್ನು ಬುಕ್‌ಮಾರ್ಕ್‌ನಲ್ಲಿ ಇಟ್ಟುಕೊಳ್ಳಿ. ಕ್ಯಾಲೆಂಡರಿನಲ್ಲಿ ಏನಾದರೂ ಅನುಮಾನ ಬಂದರೆ ಅಲ್ಲಿ ಕಾಣುವುದೇ ನಿಜ.

ಎವಲ್ಯೂಷನ್: ಸ್ವಂತ ಸರ್ವರಿಗೆ ಮೊದಲ ಆಯ್ಕೆ

ಮೇಲ್, ಕ್ಯಾಲೆಂಡರ್, ಸಂಪರ್ಕ, ಕಾರ್ಯಪಟ್ಟಿ ನಾಲ್ಕೂ ಒಂದೇ ಖಾತೆಯಿಂದ ಬರುವುದು ಇದರಲ್ಲಿ. ಉಬುಂಟು, ಡೆಬಿಯನ್‌ನಲ್ಲಿ ‘ಆಪ್ಟ್ ಇನ್‌ಸ್ಟಾಲ್’, ಫೆಡೋರಾದಲ್ಲಿ ‘ಡಿಎನ್‌ಎಫ್ ಇನ್‌ಸ್ಟಾಲ್’ ಕಮಾಂಡಿನಿಂದ ಎರಡು ಪ್ಯಾಕೇಜ್ ಹಾಕಬೇಕು: ಎವಲ್ಯೂಷನ್ ಮತ್ತು ಎವಲ್ಯೂಷನ್-ಇಡಬ್ಲ್ಯೂಎಸ್. ಎರಡನೆಯದನ್ನು ಮರೆತರೆ ಖಾತೆಯ ಬಗೆಗಳ ಪಟ್ಟಿಯಲ್ಲಿ ಎಕ್ಸ್‌ಚೇಂಜ್ ಹೆಸರೇ ಇರುವುದಿಲ್ಲ. ‘ಎಕ್ಸ್‌ಚೇಂಜ್ ಬರುವುದಿಲ್ಲ’ ಎಂಬ ದೂರುಗಳಲ್ಲಿ ಬಹುಪಾಲು ಇಷ್ಟೇ. ಎಲ್ಲ ಲಿನಕ್ಸ್ ವಿತರಣೆಗಳಿಗೂ ಹೊಂದುವ ಆಪ್‌ಗಳ ತಾಣವಾದ ಫ್ಲಾಟ್‌ಹಬ್‌ನಿಂದ ಹಾಕಿದ ಫ್ಲಾಟ್‌ಪ್ಯಾಕ್‌ನಲ್ಲಿ ಎರಡೂ ಸೇರಿಯೇ ಬರುತ್ತವೆ.

ಖಾತೆ ಸೇರಿಸುವಾಗ ‘ಎಕ್ಸ್‌ಚೇಂಜ್ ವೆಬ್ ಸರ್ವಿಸಸ್’ ಆರಿಸಿ, ಬಳಕೆದಾರರ ಹೆಸರು ಹಾಕಿ ‘ಫೆಚ್ ಯುಆರ್‌ಎಲ್’ ಗುಂಡಿ ಒತ್ತಿ. ತಾನಾಗಿ ವಿಳಾಸ ಸಿಗದಿದ್ದರೆ ಮೇಲೆ ಪರೀಕ್ಷಿಸಿದ ಇಡಬ್ಲ್ಯೂಎಸ್ ವಿಳಾಸವನ್ನೇ ಕೈಯಾರೆ ತುಂಬಿ. ಹೆಸರಿನ ಜಾಗದಲ್ಲಿ ಕೆಲವು ಸರ್ವರುಗಳಿಗೆ ಪೂರ್ತಿ ಇಮೇಲ್ ವಿಳಾಸ ಸಾಕು. ಇನ್ನು ಕೆಲವಕ್ಕೆ ಡೊಮೇನ್, ಹಿಂಓರೆಗೆರೆ, ಹೆಸರು ಎಂಬ ವಿಂಡೋಸ್ ರೂಪವೇ ಬೇಕು. ಪಾಸ್‌ವರ್ಡ್ ಸರಿಯಿದ್ದೂ ಮತ್ತೆ ಮತ್ತೆ ಕೇಳುತ್ತಿದ್ದರೆ ಮೊದಲು ಈ ರೂಪ ಬದಲಿಸಿ ನೋಡಿ, ಆಮೇಲೆ ದೃಢೀಕರಣದ ಬಗೆಯನ್ನು ಬದಲಿಸಿ. ಸ್ವಂತ ಸರ್ವರಿಗೆ ಎನ್‌ಟಿಎಲ್‌ಎಂ ಅಥವಾ ಕೆರ್ಬರಾಸ್, ಕ್ಲೌಡಿಗೆ ಓಆತ್2 (ಮೈಕ್ರೋಸಾಫ್ಟಿನ ಲಾಗಿನ್ ಪುಟದ ಮೂಲಕ ಅನುಮತಿ ಕೊಡುವ ಬಗೆ). ಬರೀ ಹೆಸರು–ಪಾಸ್‌ವರ್ಡಿನ ಬೇಸಿಕ್ ದೃಢೀಕರಣವನ್ನು ಕ್ಲೌಡಿನಲ್ಲಿ 2022ರ ಅಕ್ಟೋಬರ್‌ನಿಂದ ತೆಗೆಯುತ್ತಾ ಬಂದಿದ್ದಾರೆ, ಅದರ ಬೆನ್ನು ಹತ್ತಬೇಡಿ.

ಪಾಸ್‌ವರ್ಡ್ ಪ್ರತಿಸಲ ಕೇಳಲು ಇನ್ನೊಂದು ಕಾರಣ ಉಂಟು. ಎವಲ್ಯೂಷನ್ ಅದನ್ನು ಇಡುವುದು ಗ್ನೋಮ್ ಡೆಸ್ಕ್‌ಟಾಪಿನ ಪಾಸ್‌ವರ್ಡ್ ಪೆಟ್ಟಿಗೆಯಾದ ಗ್ನೋಮ್ ಕೀರಿಂಗ್‌ನಲ್ಲಿ. ಲಾಗಿನ್ ಪಾಸ್‌ವರ್ಡ್ ಬದಲಿಸಿ ಕೀರಿಂಗಿನದು ಹಳೆಯದೇ ಉಳಿದರೆ, ಅಥವಾ ಕಂಪ್ಯೂಟರ್ ಪಾಸ್‌ವರ್ಡ್ ಇಲ್ಲದೆ ತಾನೇ ಲಾಗಿನ್ ಆಗುವಂತೆ ಇಟ್ಟಿದ್ದರೆ, ಕೀರಿಂಗ್ ಬೀಗ ಹಾಕಿಕೊಂಡೇ ಇರುತ್ತದೆ. ಕೀರಿಂಗ್ ನೋಡಿಕೊಳ್ಳುವ ಸೀಹಾರ್ಸ್ ತೆರೆದು ಕೀರಿಂಗಿನ ಪಾಸ್‌ವರ್ಡ್ ಬದಲಿಸಿದರೆ ಸರಿಹೋಗುತ್ತದೆ.

ಸಹೋದ್ಯೋಗಿಯ ಕ್ಯಾಲೆಂಡರ್ ಬೇಕಾದರೆ ಫೋಲ್ಡರ್ ಮೆನುವಿನಲ್ಲಿ ‘ಇನ್ನೊಬ್ಬ ಇಡಬ್ಲ್ಯೂಎಸ್ ಬಳಕೆದಾರರ ಫೋಲ್ಡರಿಗೆ ಚಂದಾ’ ಎಂಬರ್ಥದ ಆಯ್ಕೆ ಇದೆ. ರಜೆಯ ಉತ್ತರವನ್ನು ಖಾತೆಯ ಪ್ರಾಪರ್ಟೀಸ್‌ನಲ್ಲೇ ಹಾಕಬಹುದು. ಸರ್ವರಿನ ರೂಲ್ ಮಾತ್ರ ಇಲ್ಲಿ ತಿದ್ದಲು ಬರುವುದಿಲ್ಲ, ಅದಕ್ಕೆ ಬ್ರೌಸರಿಗೇ ಹೋಗಬೇಕು.

ಒಂದು ಎಚ್ಚರ: ಗ್ನೋಮ್ ಸೆಟ್ಟಿಂಗ್ಸಿನ ‘ಆನ್‌ಲೈನ್ ಅಕೌಂಟ್ಸ್’ನಲ್ಲೂ ಎಕ್ಸ್‌ಚೇಂಜ್ ಸೇರಿಸಬಹುದು. ಅಲ್ಲೊಮ್ಮೆ, ಎವಲ್ಯೂಷನ್ನಿನಲ್ಲೊಮ್ಮೆ ಸೇರಿಸಿದರೆ ಪ್ರತಿ ಮೀಟಿಂಗ್ ಎರಡೆರಡು ಕಾಣಿಸಿ, ನೆನಪೋಲೆಯೂ ಎರಡೆರಡು ಬಾರಿ ಕೂಗುತ್ತದೆ. ಒಂದನ್ನೇ ಇಟ್ಟುಕೊಳ್ಳಿ.

ಫೋಲ್ಡರಿನಲ್ಲಿ ಮೇಲ್ ನಿಂತಲ್ಲೇ ನಿಂತರೆ ಬರೀ ಕಿಟಕಿ ಮುಚ್ಚಿ ತೆರೆದರೆ ಸಾಲದು, ಹಿಂದೆ ಓಡುವ ಸೇವೆಗಳು ಹಾಗೇ ಇರುತ್ತವೆ. ಎವಲ್ಯೂಷನ್ ಕಮಾಂಡಿಗೆ ‘ಫೋರ್ಸ್-ಶಟ್‌ಡೌನ್’ ಆಯ್ಕೆ ಕೊಟ್ಟು ಎಲ್ಲವನ್ನೂ ನಿಲ್ಲಿಸಿ ಮತ್ತೆ ಶುರುಮಾಡಿ. ಆಗಲೂ ಆಗದಿದ್ದರೆ ಹೋಮ್ ಫೋಲ್ಡರಿನ ಒಳಗೆ ಅಡಗಿರುವ ಕ್ಯಾಷ್ ಫೋಲ್ಡರಿನಲ್ಲಿ ಎವಲ್ಯೂಷನ್ನಿನದನ್ನು ಮಾತ್ರ ಅಳಿಸಬಹುದು. ಅಸಲು ಪ್ರತಿಯು ಸರ್ವರಿನಲ್ಲೇ ಇರುವುದರಿಂದ ಕಳೆದುಹೋಗುವುದಿಲ್ಲ, ಆದರೆ ಎಲ್ಲ ಮತ್ತೆ ಇಳಿಯಬೇಕು. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಇದನ್ನು ಮಾಡಬೇಡಿ.

ಕ್ಲೌಡಿನವರಿಗೆ: ಈಚಿನ ಎವಲ್ಯೂಷನ್‌ನಲ್ಲಿ ಗ್ರಾಫ್ ದಾರಿಯ ‘ಮೈಕ್ರೋಸಾಫ್ಟ್ 365’ ಎಂಬ ಪ್ರತ್ಯೇಕ ಖಾತೆ ಬಗೆಯೂ ಇದೆ. ಹೊಸದಾಗಿ ಶುರುಮಾಡುವವರು ಇಡಬ್ಲ್ಯೂಎಸ್ ಬಿಟ್ಟು ಇದನ್ನೇ ಮೊದಲು ಪ್ರಯತ್ನಿಸುವುದು ಒಳ್ಳೆಯದು. ಹಳೆಯ ಎಲ್‌ಟಿಎಸ್ (ದೀರ್ಘಕಾಲ ಬೆಂಬಲದ) ಉಬುಂಟುವಿನ ಪ್ಯಾಕೇಜ್ ಹಿಂದುಳಿದಿರುತ್ತದೆ, ಇದಕ್ಕೆ ಫ್ಲಾಟ್‌ಪ್ಯಾಕ್ ವಾಸಿ.

ಥಂಡರ್‌ಬರ್ಡ್: ಮೇಲಿಗೆ ಸೈ, ಕ್ಯಾಲೆಂಡರಿಗೆ ತೇಪೆ

ಹೆಚ್ಚಿನವರಿಗೆ ಪರಿಚಯ ಇರುವುದು ಇದೇ. 2025ರ ನವೆಂಬರಿನಲ್ಲಿ ಬಂದ 145ನೇ ಆವೃತ್ತಿಯಿಂದ ಇದಕ್ಕೆ ಎಕ್ಸ್‌ಚೇಂಜ್ ಮೇಲ್ ನೇರವಾಗಿ ಬರುತ್ತದೆ. ಅದು ಮೇಲ್ ಮಾತ್ರ. ಆ ಆವೃತ್ತಿಯಲ್ಲಿ ಕ್ಯಾಲೆಂಡರೂ ವಿಳಾಸ ಪುಸ್ತಕವೂ ಸೇರಿರಲಿಲ್ಲ. ಅದೂ ಸಾಗುವುದು ಇಡಬ್ಲ್ಯೂಎಸ್ ದಾರಿಯಲ್ಲೇ. ಡೆಬಿಯನ್ನಿನಂಥ ವಿತರಣೆಗಳು ಕೊಡುವ, ಹೆಚ್ಚು ಕಾಲ ಬೆಂಬಲವಿರುವ ಇಎಸ್‌ಆರ್ 140ರಲ್ಲಿ ಇದನ್ನು ಹುಡುಕಬೇಡಿ. ಹೆಲ್ಪ್ ಮೆನುವಿನ ಅಬೌಟ್‌ನಲ್ಲಿ ಆವೃತ್ತಿ ನೋಡಿಕೊಳ್ಳಿ.

ಕ್ಲೌಡಿನಲ್ಲಿ ಇಡಬ್ಲ್ಯೂಎಸ್ ಇಲ್ಲದೆಯೂ ಮೇಲ್ ತರಬಹುದು: ಹೆಚ್ಚಿನ ಮೇಲ್ ತಂತ್ರಾಂಶಗಳಿಗೆ ಗೊತ್ತಿರುವ ಐಮ್ಯಾಪ್ ದಾರಿಯಲ್ಲಿ. ಒಳಬರುವುದಕ್ಕೆ ಔಟ್‌ಲುಕ್ ಡಾಟ್ ಆಫೀಸ್365 ಡಾಟ್ ಕಾಮ್, ಪೋರ್ಟ್ 993, ಎಸ್‌ಎಸ್‌ಎಲ್. ಹೊರಹೋಗುವುದಕ್ಕೆ ಎಸ್‌ಎಂಟಿಪಿ ಡಾಟ್ ಆಫೀಸ್365 ಡಾಟ್ ಕಾಮ್, ಪೋರ್ಟ್ 587, ಸ್ಟಾರ್ಟ್‌ಟಿಎಲ್‌ಎಸ್. ಎರಡಕ್ಕೂ ಓಆತ್2. ಮೇಲ್ ಬರುತ್ತಿದ್ದು ಹೋಗದಿದ್ದರೆ ನಿರ್ವಾಹಕರು ಎಸ್‌ಎಂಟಿಪಿ ದೃಢೀಕರಣವನ್ನು ನಿಲ್ಲಿಸಿದ್ದಾರೆ ಎಂದು ಊಹಿಸಬಹುದು. ಬಹಳ ಸಂಸ್ಥೆಗಳಲ್ಲಿ ಐಮ್ಯಾಪನ್ನೂ ಮುಚ್ಚಿರುತ್ತಾರೆ.

ಕ್ಯಾಲೆಂಡರಿಗೆ ಎರಡು ದಾರಿ. ಓದಿದರೆ ಸಾಕು ಎನ್ನುವವರು ವೆಬ್ ಔಟ್‌ಲುಕ್ ಸೆಟ್ಟಿಂಗ್ಸಿನ ‘ಹಂಚಿಕೊಂಡ ಕ್ಯಾಲೆಂಡರ್‌ಗಳು’ ಪುಟದಲ್ಲಿ ತಮ್ಮ ಕ್ಯಾಲೆಂಡರ್ ಪ್ರಕಟಿಸಿ, ಸಿಗುವ ಐಸಿಎಸ್ ಕೊಂಡಿಯನ್ನು ಥಂಡರ್‌ಬರ್ಡಿನಲ್ಲಿ ನೆಟ್‌ವರ್ಕ್ ಕ್ಯಾಲೆಂಡರ್ ಆಗಿ ಸೇರಿಸಬಹುದು. ಆ ಕೊಂಡಿ ಯಾರ ಕೈಗೆ ಸಿಕ್ಕರೂ ಅವರಿಗೆ ನಿಮ್ಮ ಕ್ಯಾಲೆಂಡರ್ ಕಾಣುತ್ತದೆ, ಆದ್ದರಿಂದ ವಿವರ ಬೇಡ, ಬಿಡುವು ಮಾತ್ರ ಕಾಣಲಿ ಎಂಬ ಆಯ್ಕೆ ಸುರಕ್ಷಿತ. ಎರಡೂ ಕಡೆ ಬದಲಾಗಬೇಕಾದರೆ ಟಿಬಿಸಿಂಕ್ ಮತ್ತು ಅದರ ಆಕ್ಟಿವ್‌ಸಿಂಕ್ ಆಡ್-ಆನ್. ಆಕ್ಟಿವ್‌ಸಿಂಕ್ ಎಂದರೆ ಮೊಬೈಲ್ ಫೋನುಗಳು ಬಳಸುವ ದಾರಿ, ಇಡಬ್ಲ್ಯೂಎಸ್‌ಗೂ ಇದಕ್ಕೂ ಸಂಬಂಧ ಇಲ್ಲ. ಹಣ ಕೊಟ್ಟು ಬಳಸುವ ‘ಔಲ್’ ಎಂಬ ಆಡ್-ಆನ್ ಕೂಡ ಇದೆ, ವರ್ಷಕ್ಕಿಷ್ಟು ಎಂದು ಚಂದಾ. ಆಡ್-ಆನ್‌ಗಳ ಹಳೇ ರೋಗ ಒಂದೇ: ಥಂಡರ್‌ಬರ್ಡ್ ದೊಡ್ಡ ಆವೃತ್ತಿಗೆ ಜಿಗಿದಾಗ ಅವು ನಿಂತುಬಿಡುತ್ತವೆ. ಅಪ್‌ಡೇಟ್ ಒತ್ತುವ ಮೊದಲು ಆಡ್-ಆನ್ ಪುಟದಲ್ಲಿ ಹೊಸ ಆವೃತ್ತಿಯ ಹೆಸರು ಇದೆಯೇ ನೋಡಿ.

ಡೇವ್‌ಮೇಲ್: ನಡುವೆ ಕೂತ ದುಭಾಷಿ

ಡೇವ್‌ಮೇಲ್ ಮೇಲ್ ಓದುವ ತಂತ್ರಾಂಶವಲ್ಲ. ನಿಮ್ಮದೇ ಕಂಪ್ಯೂಟರಿನಲ್ಲಿ ಕೂತು ಒಂದು ಕಡೆ ಎಕ್ಸ್‌ಚೇಂಜ್ ಭಾಷೆಯನ್ನೂ ಇನ್ನೊಂದು ಕಡೆ ಮೇಲಿನ ಐಮ್ಯಾಪ್, ಕ್ಯಾಲೆಂಡರಿನ ಕ್ಯಾಲ್‌ಡೇವ್‌ನಂಥ ಎಲ್ಲರ ಭಾಷೆಯನ್ನೂ ಆಡುತ್ತದೆ. ಥಂಡರ್‌ಬರ್ಡ್ ಬಿಡಲಾರೆ, ಕ್ಯಾಲೆಂಡರೂ ಪೂರ್ತಿ ಬೇಕು ಎನ್ನುವವರಿಗೆ ಇದು.

ಇದಕ್ಕೆ ಜಾವಾ ಬೇಕು. ಕ್ಲೌಡ್ ಖಾತೆಗೆ ಲಾಗಿನ್ ಕಿಟಕಿ ತೆರೆಯಬೇಕಾದರೆ ಜಾವಾ ಕಿಟಕಿ ತೋರಿಸಲು ನೆರವಾಗುವ ಓಪನ್‌ಜೆಎಫ್‌ಎಕ್ಸ್ ಕೂಡ ಬೇಕು. ಅದಿಲ್ಲದಿದ್ದರೆ ‘ಮ್ಯಾನ್ಯುಯಲ್’ ಬಗೆ ಆರಿಸಿ, ಅದು ಕೊಡುವ ವಿಳಾಸವನ್ನು ಬ್ರೌಸರಿನಲ್ಲಿ ತೆರೆದು, ಲಾಗಿನ್ ಆದ ಮೇಲೆ ಬಂದ ವಿಳಾಸವನ್ನು ತಂದು ಅಂಟಿಸಬೇಕು. ರೂಢಿಯ ಪೋರ್ಟುಗಳು: ಐಮ್ಯಾಪ್ 1143, ಎಸ್‌ಎಂಟಿಪಿ 1025, ಕ್ಯಾಲ್‌ಡೇವ್ 1080, ವಿಳಾಸ ಪುಸ್ತಕದ ಎಲ್‌ಡ್ಯಾಪ್ 1389. ಥಂಡರ್‌ಬರ್ಡಿನಲ್ಲಿ ಸರ್ವರ್ ಹೆಸರು ‘ಲೋಕಲ್‌ಹೋಸ್ಟ್’, ಭದ್ರತೆ ‘ನನ್’, ಪಾಸ್‌ವರ್ಡ್ ‘ನಾರ್ಮಲ್’. ಭದ್ರತೆ ಇಲ್ಲ ಎಂದು ಹೆದರಬೇಡಿ, ಆ ಮಾತುಕತೆ ಕಂಪ್ಯೂಟರಿನ ಹೊರಗೆ ಹೋಗುವುದಿಲ್ಲ. ಹೊರಗೆ ಹೋಗುವ ಭಾಗಕ್ಕೆ ಎಚ್‌ಟಿಟಿಪಿಎಸ್ ಇದೆ. ‘ಅಲೌ ರಿಮೋಟ್’ ಮಾತ್ರ ಎಂದಿಗೂ ಆನ್ ಮಾಡಬೇಡಿ. ಕ್ಯಾಲೆಂಡರ್ ವಿಳಾಸದ ರೂಪ: ಲೋಕಲ್‌ಹೋಸ್ಟ್ 1080, ಸ್ಲ್ಯಾಷ್ ಯೂಸರ್ಸ್, ಸ್ಲ್ಯಾಷ್ ನಿಮ್ಮ ಇಮೇಲ್, ಸ್ಲ್ಯಾಷ್ ಕ್ಯಾಲೆಂಡರ್.

ಇಲ್ಲಿ ಎಡವುವ ಜಾಗ ಎರಡು. ಕಳಿಸಿದ ಮೇಲ್ ‘ಸೆಂಟ್’ನಲ್ಲಿ ಎರಡೆರಡು ಕಂಡರೆ, ಡೇವ್‌ಮೇಲ್ ತಾನೊಂದು ಪ್ರತಿ ಇಟ್ಟಿದೆ, ಥಂಡರ್‌ಬರ್ಡೂ ಒಂದು ಇಟ್ಟಿದೆ. ಥಂಡರ್‌ಬರ್ಡಿನ ‘ಕಾಪೀಸ್ ಅಂಡ್ ಫೋಲ್ಡರ್ಸ್’ನಲ್ಲಿ ಪ್ರತಿ ಇಡುವ ಗುರುತು ತೆಗೆಯಿರಿ. ಮೀಟಿಂಗ್ ಕರೆ ಎರಡೆರಡು ಹೋದರೆ ಕ್ಯಾಲೆಂಡರ್ ಪ್ರಾಪರ್ಟೀಸ್‌ನ ‘ಕ್ಲೈಂಟ್ ಕಡೆಯ ಇಮೇಲ್ ಶೆಡ್ಯೂಲಿಂಗ್’ ಗುರುತು ತೆಗೆಯಿರಿ. ಕರೆ ಕಳಿಸುವುದು ಸರ್ವರಿನ ಕೆಲಸ. ಡೇವ್‌ಮೇಲ್ ಕೂಡ ಹೆಚ್ಚಾಗಿ ಇಡಬ್ಲ್ಯೂಎಸ್ ಮೇಲೆ ನಿಂತದ್ದು, ಗ್ರಾಫ್ ಕಡೆಗೆ ಈಗ ಸರಿಯುತ್ತಿದೆ. ಕ್ಲೌಡಿನವರು ಇದನ್ನು ನೆನಪಿನಲ್ಲಿಟ್ಟು ಹೊಸ ಆವೃತ್ತಿಯನ್ನೇ ಹಾಕಿ.

ಕೆಡಿಇ ಡೆಸ್ಕ್‌ಟಾಪ್ ಬಳಸುವವರಿಗೆ ಅದರ ಕೆಮೇಲ್‌ನಲ್ಲೂ ಇಡಬ್ಲ್ಯೂಎಸ್ ಇದೆ. ಅದರ ಹಿಂದೆ ಮೇಲ್, ಕ್ಯಾಲೆಂಡರ್ ಮಾಹಿತಿ ಇಟ್ಟುಕೊಳ್ಳುವ ಅಕೊನಾಡಿ ಸೇವೆ ಒಮ್ಮೆ ಹದಗೆಟ್ಟರೆ ಸರಿಮಾಡುವುದು ತಲೆನೋವು, ಕಚೇರಿ ಕೆಲಸಕ್ಕೆ ನಾವು ಹೇಳುವುದಿಲ್ಲ. ವರ್ಚುವಲ್ ಯಂತ್ರದಲ್ಲಿ ವಿಂಡೋಸ್ ಹಾಕಿ ಅಸಲಿ ಔಟ್‌ಲುಕ್ ಓಡಿಸುವುದು 16 ಜಿಬಿ ರ‍್ಯಾಮ್ ಇದ್ದವರಿಗೆ ಸರಿ. ವಿಂಡೋಸ್ 11 ತನಗೊಂದಕ್ಕೇ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಕೇಳುತ್ತದೆ, ಲೈಸೆನ್ಸ್ ಬೇರೆ.

‘ನಿರ್ವಾಹಕರ ಒಪ್ಪಿಗೆ ಬೇಕು’

ಕ್ಲೌಡ್ ಖಾತೆಯಲ್ಲಿ ಪಾಸ್‌ವರ್ಡ್, ಫೋನಿಗೆ ಬಂದ ಸಂಖ್ಯೆ ಎಲ್ಲ ಸರಿಯಾಗಿ ಕೊಟ್ಟ ಮೇಲೂ ಈ ಸಾಲು ಬಂದು ನಿಲ್ಲಬಹುದು. ಆಗ ತಂತ್ರಾಂಶ ಬದಲಿಸುವ ಮೊದಲು ಕೆಳಗಿನ ಸಣ್ಣ ಅಕ್ಷರದಲ್ಲಿ ಎಎಡಿಎಸ್‌ಟಿಎಸ್ ಎಂದು ಶುರುವಾಗುವ ಸಂಖ್ಯೆ ಓದಿ. 65001 ಅಥವಾ 90094 ಎಂದರೆ ಈ ತಂತ್ರಾಂಶಕ್ಕೆ ಇನ್ನೂ ಅನುಮತಿ ಸಿಕ್ಕಿಲ್ಲ. ಐಟಿಯವರು ಒಪ್ಪಿಗೆ ಕೊಟ್ಟರೆ ಮುಗಿಯಿತು. 53000 ಅಥವಾ 53003 ಎಂದರೆ ನಿಮ್ಮ ಲ್ಯಾಪ್‌ಟಾಪೋ ಲಾಗಿನ್ ಆದ ಬಗೆಯೋ ಸಂಸ್ಥೆಯ ನೀತಿಗೆ ಹೊಂದಿಲ್ಲ. ಅದಕ್ಕೆ ಎವಲ್ಯೂಷನ್ ಬದಲು ಥಂಡರ್‌ಬರ್ಡ್ ಹಾಕಿದರೆ ಏನೂ ಬದಲಾಗದು. ನೋಂದಾಯಿತ ಯಂತ್ರವೇ ಬೇಕು ಎಂದಾದರೆ ಉಬುಂಟು ಎಲ್‌ಟಿಎಸ್ ಮೇಲೆ ಯಂತ್ರವನ್ನು ಸಂಸ್ಥೆಯಲ್ಲಿ ನೋಂದಾಯಿಸುವ ಮೈಕ್ರೋಸಾಫ್ಟಿನ ಇಂಟ್ಯೂನ್ ಮತ್ತು ಎಡ್ಜ್ ಹಾಕಿ, ಎಡ್ಜ್‌ನಲ್ಲೇ ವೆಬ್ ಔಟ್‌ಲುಕ್ ಬಳಸುವುದು ದಾರಿ. ಡಿಸ್ಕ್ ಎನ್‌ಕ್ರಿಪ್ಟ್ ಆಗಿರಬೇಕೆಂದು ನೀತಿ ಕೇಳುವುದು ಸಾಮಾನ್ಯ, ಲಿನಕ್ಸ್ ಹಾಕುವಾಗಲೇ ಅದನ್ನು ಮಾಡದಿದ್ದರೆ ಮರುಸ್ಥಾಪನೆಯೇ ಗತಿ.

ಮಳೆಗಾಲದ ಲೆಕ್ಕ

ಘಟ್ಟದ ಮೇಲೆ ಗಾಳಿಮಳೆಗೆ ಮರ ಬಿದ್ದು ಫೈಬರ್ ತುಂಡಾದರೆ ಬ್ರೌಸರ್ ದಾರಿ ಅಲ್ಲಿಗೆ ನಿಂತಿತು. ಹಳೆಯ ಮೇಲ್ ಓದಿ ಉತ್ತರ ಬರೆದಿಡಲು ಸ್ಥಳೀಯ ಪ್ರತಿ ಬೇಕು. ಎವಲ್ಯೂಷನ್ ಸಾಮಾನ್ಯವಾಗಿ ಶೀರ್ಷಿಕೆ ಮಾತ್ರ ತಂದು, ತೆರೆದಾಗ ಒಳಗಿನದನ್ನು ತರುತ್ತದೆ. ಬೇಕಾದ ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಆಫ್‌ಲೈನ್ ಪ್ರತಿಯ ಗುರುತು ಹಾಕಿ. ಥಂಡರ್‌ಬರ್ಡಿನ ಐಮ್ಯಾಪ್ ಇದಕ್ಕೆ ತದ್ವಿರುದ್ಧ, ಹೇಳದಿದ್ದರೆ ಎಲ್ಲವನ್ನೂ ಇಳಿಸುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕಿನಲ್ಲಿ 6 ಜಿಬಿ ಮೇಲ್‌ಬಾಕ್ಸ್ ಜೋಡಿಸಿದರೆ ನಾಲ್ಕು ದಿನದ ಡೇಟಾ ಅದಕ್ಕೇ ಹೋಗುತ್ತದೆ. ಖಾತೆ ಸೇರಿಸಿದ ಕೂಡಲೇ ‘ಸಿಂಕ್ರನೈಸೇಶನ್ ಅಂಡ್ ಸ್ಟೋರೇಜ್’ಗೆ ಹೋಗಿ ಈಚಿನ 30 ದಿನ ಎಂದು ಮಿತಿ ಹಾಕಿ.

ಎರಡು ಕಾರ್ಯವ್ಯವಸ್ಥೆ ಇರುವ ಲ್ಯಾಪ್‌ಟಾಪಿನಲ್ಲಿ ನೆಟ್ ಇಲ್ಲದ ದಿನ ಇನ್ನೊಂದು ಚೇಷ್ಟೆ ನಡೆಯುತ್ತದೆ. ವಿಂಡೋಸ್ ಯಂತ್ರದ ಗಡಿಯಾರವನ್ನು ಭಾರತದ ಸಮಯದಲ್ಲಿ ಇಡುತ್ತದೆ, ಲಿನಕ್ಸ್ ಅದನ್ನೇ ಯುಟಿಸಿ (ಜಗತ್ತಿನ ಮೂಲ ಸಮಯ) ಎಂದು ಓದಿ ಐದೂವರೆ ತಾಸು ಕೂಡಿಸುತ್ತದೆ. ನೆಟ್ ಇದ್ದರೆ ತಾನಾಗಿ ಸರಿಯಾಗುತ್ತದೆ. ಇಲ್ಲದಿದ್ದರೆ ಹತ್ತೂವರೆಯ ಮೀಟಿಂಗಿನ ಗಂಟೆ ಬೆಳಗಿನ ಐದಕ್ಕೇ ಬಾರಿಸುತ್ತದೆ. ಗಡಿಯಾರ 5 ನಿಮಿಷಕ್ಕಿಂತ ಹೆಚ್ಚು ತಪ್ಪಿದರೆ ಕೆರ್ಬರಾಸ್ ಲಾಗಿನ್ ಕೂಡ ಆಗದು. ‘ಟೈಮ್‌ಡೇಟ್‌ಸಿಟಿಎಲ್’ ಕಮಾಂಡ್ ಕೊಟ್ಟು ನೋಡಿ, ವಲಯ ಏಷ್ಯಾ/ಕೊಲ್ಕತ್ತಾ ಇರಬೇಕು. ವಿಂಡೋಸಿಗೇ ಯುಟಿಸಿ ಬಳಸಲು ಹೇಳುವುದು ಶಾಶ್ವತ ಪರಿಹಾರ. ಗಡಿಯಾರ ಸರಿಯಿದ್ದು ಕ್ಯಾಲೆಂಡರಿನಲ್ಲಿ ಮಾತ್ರ ಹತ್ತೂವರೆ ಐದಾಗಿ ಕಂಡರೆ ತಪ್ಪು ತಂತ್ರಾಂಶದ ವಲಯದ್ದು. ಎವಲ್ಯೂಷನ್ನಿನ ಕ್ಯಾಲೆಂಡರ್ ಆದ್ಯತೆಗಳಲ್ಲಿ ‘ಸಿಸ್ಟಮ್ ಸಮಯ ವಲಯ ಬಳಸು’ ಗುರುತು ಹಾಕಿ.

ಕನ್ನಡದ ಮೇಲ್ ಚೌಕಗಳಾಗಿ ಕಂಡರೆ ನೋಟೋ ಅಥವಾ ಲೋಹಿತ್ ಕನ್ನಡ ಫಾಂಟ್ ಹಾಕಿದರೆ ಸಾಕು. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಂಡರೆ ಅದು ಯುನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಬರೆದದ್ದು, ಮೇಲ್ ತಂತ್ರಾಂಶದ ತಪ್ಪಲ್ಲ, ಪರಿವರ್ತಕದಲ್ಲಿ ಹಾಕಿ ಓದಬೇಕು. ‘ವಿನ್‌ಮೇಲ್ ಡಾಟ್ ಡ್ಯಾಟ್’ ಎಂಬ ಲಗತ್ತು ಬಂದರೆ ‘ಟಿಎನ್‌ಇಎಫ್’ ಪ್ಯಾಕೇಜ್ ಅದನ್ನು ಬಿಚ್ಚುತ್ತದೆ. ಕಳಿಸುವವರಿಗೆ ಎಚ್‌ಟಿಎಂಎಲ್ ರೂಪದಲ್ಲಿ ಕಳಿಸಲು ಹೇಳುವುದು ಇನ್ನೂ ಸುಲಭ.

ಯಾವುದನ್ನೇ ಹಾಕಿದರೂ ಕೆಲಸಕ್ಕೆ ಇಳಿಸುವ ಮೊದಲು ಒಬ್ಬ ಸಹೋದ್ಯೋಗಿಯನ್ನು ಜೊತೆ ಮಾಡಿಕೊಳ್ಳಿ. ಲಿನಕ್ಸಿನಿಂದ ಅವರಿಗೆ ಮೀಟಿಂಗ್ ಕರೆ ಕಳಿಸಿ, ಅವರು ಒಪ್ಪಿದ್ದು ನಿಮ್ಮಲ್ಲಿ ಕಾಣುತ್ತದೆಯೇ ನೋಡಿ. ಸಮಯವನ್ನು ಅರ್ಧ ತಾಸು ಮುಂದೂಡಿ. ವಾರವಾರದ ಮೀಟಿಂಗ್ ಒಂದನ್ನು ಮಾಡಿ ನಡುವಿನ ಒಂದು ವಾರದ್ದನ್ನು ಮಾತ್ರ ರದ್ದು ಮಾಡಿ. ಹೆಚ್ಚಿನ ತಂತ್ರಾಂಶಗಳು ಮುಗ್ಗರಿಸುವುದು ಇಲ್ಲಿ. ಪ್ರತಿ ಹೆಜ್ಜೆಗೂ ವೆಬ್ ಔಟ್‌ಲುಕ್‌ನಲ್ಲಿ ಏನು ಕಾಣುತ್ತದೆ ಎಂದು ಪಕ್ಕದಲ್ಲೇ ತೆರೆದಿಟ್ಟು ಹೋಲಿಸಿ. ಸರಣಿಯ ಆ ಒಂದು ವಾರ ಮಾತ್ರ ಹೋಗಿ ಉಳಿದವು ನಿಂತಿದ್ದರೆ ಧೈರ್ಯವಾಗಿ ಬಳಸಿ. ಪೂರ್ತಿ ಸರಣಿಯೇ ಅಳಿಸಿಹೋದರೆ ಮೇಲಿಗೆ ಆ ತಂತ್ರಾಂಶ ಇರಲಿ, ಮೀಟಿಂಗ್ ತಿದ್ದುವುದನ್ನು ಬ್ರೌಸರಿನಲ್ಲೇ ಮಾಡಿ.